ಬ್ಯಾಟರಿ ಇಲ್ಲದ ಕಿವಿ

ಪೊಳಲಿ ಚೆಂಡಿನ ಗದ್ದೆಯಲ್ಲಿ ನಮ್ಮ ಗ್ಯಾಂಗ್ ಚದುರಿಹೋದರೆ ಏನಾಗುತ್ತದೆ ಗೊತ್ತುಂಟಲ್ಲ? ಯಾರೆಲ್ಲ ಇದ್ದೀರಿ ಅಂತ ಕೂಗುತ್ತಾ ನಡೆಯುತ್ತೇವೆ. ಎಲ್ಲರೂ ಒಟ್ಟಿಗೇ ಓ ಅಂತಾರೆ, ಯಾರ ದನಿಯೂ ಸರಿಯಾಗಿ ಕೇಳುವುದಿಲ್ಲ. ಲೈಬ್ರರಿ ಕಪಾಟಿನ ಎದುರು ಆರ್‌ಎಫ್‌ಐಡಿ ರೀಡರ್ ಹಿಡಿದು ನಡೆದರೂ ಇದೇ ಕಥೆ. ಪುಸ್ತಕದ ಟ್ಯಾಗಿಗೆ ಬ್ಯಾಟರಿ ಇಲ್ಲ, ರೀಡರಿನ ಅಲೆಯಿಂದಲೇ ಅದಕ್ಕೆ ಜೀವ. ಈ ಉಪಾಯದ ಹಿರಿಯರಲ್ಲಿ ಒಬ್ಬರು ಲಿಯಾನ್ ಥೆರೆಮಿನ್.

ಅವರು ಹುಟ್ಟಿದ್ದು 1896ರಲ್ಲಿ, ರಷ್ಯಾದ ಸೇಂಟ್ ಪೀಟರ್ಸ್‌ಬರ್ಗ್‌ನಲ್ಲಿ. ಭೌತವಿಜ್ಞಾನಿ, ಜೊತೆಗೆ ಚೆಲ್ಲೊ ನುಡಿಸುವವರು. 1920ರ ಹೊತ್ತಿಗೆ ಮುಟ್ಟದೆಯೇ ನುಡಿಸುವ ವಾದ್ಯ ಮಾಡಿದರು. ಆಂಟೆನಾ ಹತ್ತಿರ ಕೈ ಆಡಿಸಿದರೆ ಕೆಪ್ಯಾಸಿಟೆನ್ಸ್ ಬದಲಾಗಿ ಸ್ವರ ಏರಿಳಿಯುತ್ತದೆ. 1922ರಲ್ಲಿ ಲೆನಿನ್‌ಗೆ ಅದನ್ನು ತೋರಿಸಿದರು, 1927ರಲ್ಲಿ ಅಮೆರಿಕಕ್ಕೆ ಹೋಗಿ ಹೆಸರು ಮಾಡಿದರು.

1938ರಲ್ಲಿ ಊರಿಗೆ ಮರಳಿದ್ದೇ ಸರಿ, ಮರುವರ್ಷ ಬಂಧನ. 8 ವರ್ಷದ ಶಿಕ್ಷೆ. ಮೊದಲು ಕೊಲಿಮಾದ ಶಿಬಿರ, ಆಮೇಲೆ ಕೈದಿ ವಿಜ್ಞಾನಿಗಳನ್ನು ದುಡಿಸುವ ಪ್ರಯೋಗಾಲಯ. ಹೊರಗಿನವರು ಅವರು ಸತ್ತೇಹೋದರು ಅಂದುಕೊಂಡರು.

ಕೈದಿಯಾಗಿದ್ದಾಗಲೇ ಅವರು ಮಾಡಿದ ಒಂದು ಸಾಧನ 1945ರಲ್ಲಿ ಮರದ ಲಾಂಛನದೊಳಗೆ ಸೇರಿತು. ಸೋವಿಯತ್ ಮಕ್ಕಳು ಅದನ್ನು ಅಮೆರಿಕದ ರಾಯಭಾರಿಗೆ ಉಡುಗೊರೆ ಕೊಟ್ಟರು. ಒಳಗೆ ಬ್ಯಾಟರಿ ಇಲ್ಲ, ವೈರ್ ಇಲ್ಲ. ಒಂದು ತೆಳು ಪೊರೆ, ಒಂದು ಆಂಟೆನಾ, ಅಷ್ಟೆ. ಹೊರಗಿನಿಂದ ರೇಡಿಯೋ ಅಲೆ ಬಿಟ್ಟರೆ, ಕೋಣೆಯ ಮಾತಿಗೆ ಪೊರೆ ನಡುಗಿ, ಪ್ರತಿಫಲಿಸುವ ಅಲೆಯಲ್ಲಿ ಮಾತು ಸೇರಿಕೊಳ್ಳುತ್ತಿತ್ತು. ಅಲೆ ನಿಂತರೆ ಅದು ಬರೀ ಮರದ ತುಂಡು. 1952ರವರೆಗೆ, 7 ವರ್ಷ, ಯಾರಿಗೂ ಸಿಗಲಿಲ್ಲ. ಮಾಡಿದವರಿಗೆ 1947ರಲ್ಲಿ ಸ್ಟಾಲಿನ್ ಪ್ರಶಸ್ತಿ ಬಂತು. ಜೈಲಿಗೆ ಹಾಕಿದವರೇ ಕೊಟ್ಟ ಪ್ರಶಸ್ತಿ! ಅವರು ತೀರಿಕೊಂಡದ್ದು 1993ರಲ್ಲಿ, 97ನೇ ವಯಸ್ಸಿನಲ್ಲಿ.

ಥೆರೆಮಿನ್‌ಗೆ ಕೇಳಬೇಕಾಗಿದ್ದದ್ದು ಒಂದೇ ಟ್ಯಾಗ್. ನಮ್ಮ ಕಪಾಟಿನಲ್ಲಿ ನೂರಾರು. ಆದ್ದರಿಂದ ರೀಡರ್ ಸಮಯವನ್ನು ಸ್ಲಾಟ್‌ಗಳಾಗಿ ಹಂಚುತ್ತದೆ, ಪ್ರತಿ ಟ್ಯಾಗ್ ಒಂದನ್ನು ಆರಿಸಿಕೊಳ್ಳುತ್ತದೆ. ಟ್ಯಾಗ್‌ಗಳಷ್ಟೇ ಸ್ಲಾಟ್ ಇಟ್ಟರೂ ಸುಮಾರು 37% ಸ್ಲಾಟ್ ಮಾತ್ರ ಉಪಯೋಗಕ್ಕೆ ಬರುತ್ತದೆ. ರೀಡರ್ ನಡೆಯುತ್ತಿದ್ದರೆ ಹೊಸ ಟ್ಯಾಗ್ ಬರುತ್ತಲೇ ಇರುತ್ತವೆ, ಹಳೆಯವು ದಾಟುತ್ತವೆ. ಹಾಗಾಗಿ ಓದಿಯಾದವನ್ನು ಸುಮ್ಮನಿರಿಸಿ, ಸ್ಲಾಟ್ ಲೆಕ್ಕ ಆಗಾಗ ಬದಲಿಸಬೇಕು. ಇಲ್ಲದಿದ್ದರೆ ಕಪಾಟಿನಲ್ಲಿರುವ ಪುಸ್ತಕವೇ ಕಾಣೆಯಾದ ಪಟ್ಟಿಗೆ ಸೇರುತ್ತದೆ.

ಬ್ರಹ್ಮರಕೂಟ್ಲು ಟೋಲ್‌ನಲ್ಲಿ ಫಾಸ್ಟ್ಯಾಗ್ ಬೀಪ್ ಅಂದಾಗಲೆಲ್ಲ ನಮಗೀಗ ಅವರ ನೆನಪಾಗುತ್ತದೆ. ಟ್ಯಾಗ್ ಕೇಳಿದವರಿಗೆಲ್ಲ ಉತ್ತರ ಕೊಡುತ್ತದೆ. ಕೇಳುತ್ತಿರುವವರು ಯಾರು ಅಂತ ನೋಡಿಕೊಳ್ಳುವುದು ಎಂಜಿನಿಯರ್ ಆಗುವ ನಮ್ಮ ಕೆಲಸ.