ಕಿತ್ತೂರಿನ ಸೆರೆಯಾಳು, ಧಾರವಾಡದ ಇಲಿ

ನಮ್ಮ ಕಡೆ ವಾಲ್ಟರ್ ಎಲಿಯಟ್ ಅಂದ್ರೆ 1824ರಲ್ಲಿ ಥ್ಯಾಕರೆ ಸತ್ತಾಗ ಚೆನ್ನಮ್ಮನವರ ಕಡೆಯವರಿಗೆ ಸೆರೆಸಿಕ್ಕ ಇಬ್ಬರಲ್ಲಿ ಒಬ್ಬ, 21ರ ಹುಡುಗ. ಅಲ್ಲಿಗೇ ಕಥೆ ಮುಗೀತು. ನನಗೆ ಆಸಕ್ತಿ ಇರೋದು ಬಿಡುಗಡೆಯಾದ ಮೇಲಿನ ಎಲಿಯಟ್ ಬಗ್ಗೆ.

1833ರವರೆಗೂ ಆತ ಧಾರವಾಡ ಸೀಮೆಯಲ್ಲೇ ಇದ್ದ. ಕಂದಾಯದ ಕೆಲಸದ ನಡುವೆ ಪ್ರಾಣಿಗಳನ್ನು ಗಮನಿಸಿದ. ಮಳೆ ಕಡಿಮೆಯಾದಾಗ ಹೊಲದ ಇಲಿ ವಿಪರೀತ ಹೆಚ್ಚುತ್ತವೆ ಅಂತ ಬರೆದ. 1826ರಲ್ಲಿ ಅವು ಹೊಲಕ್ಕೆ ಹೊಲವೇ ಹಾಳುಮಾಡಿದ್ದನ್ನು ಕಣ್ಣಾರೆ ಕಂಡಿದ್ದ. ಬಿತ್ತಿದ ಬೀಜ ತಿನ್ನುತ್ತಿದ್ದವು, ಜೋಳದ ದಂಟು ಹತ್ತಿ ತೆನೆ ಕತ್ತರಿಸುತ್ತಿದ್ದವು. ರೈತರಿಗೆ ಕಂದಾಯ ಕಟ್ಟಲಾಗಲಿಲ್ಲ. ಡಜನ್ ಲೆಕ್ಕದಲ್ಲಿ ಕಾಳು ಅಳೆದುಕೊಟ್ಟು ವಡ್ಡರಿಂದ ಸಾವಿರಾರು ಇಲಿ ಕೊಲ್ಲಿಸಿದರೂ ಕಡಿಮೆಯಾಗಲಿಲ್ಲ. ಕಂದಾಯ ವಸೂಲಿ ಮಾಡುವವನೇ ಇದನ್ನು ಬರೆದಿಟ್ಟ, ನೋಡ್ರಿ!

1839ರಲ್ಲಿ ಮದ್ರಾಸಿನ ಪತ್ರಿಕೆಯೊಂದರಲ್ಲಿ ಬಂದ ಅವನ ಸಸ್ತನಿಗಳ ಪಟ್ಟಿಯಲ್ಲಿ ಕನ್ನಡ ಹೆಸರುಗಳೂ ಇವೆ. ಇಲ್ಲಿನದೇ ಇನ್ನೊಂದು ಜಾತಿ, ಪೊದೆ ಇಲಿ. ಅದಕ್ಕೆ ಲಂಡನ್ನಿನ ಗ್ರೇ 1837ರಲ್ಲಿ ಇಟ್ಟ ಹೆಸರು ಇವತ್ತಿಗೂ ಗೊಲುಂಡ ಎಲಿಯೋಟಿ. ಮೊದಲ ಪದ ನಮ್ಮ ಜನರ ಬಾಯಿಂದ ಹೋದದ್ದು, ಎರಡನೆಯದು ಸಾಹೇಬನದು. ಬಿಲ ಅಗೆದವರ ಹೆಸರು ಅದರಲ್ಲಿಲ್ಲ. ಈ ಲೆಕ್ಕ ನನಗೆ ಇನ್ನೂ ಸರಿಹೊಂದಿಲ್ಲ.

ಕಣ್ಣು ಮಂಜಾದ ಮೇಲೂ ದಕ್ಷಿಣದ ನಾಣ್ಯಗಳ ಬಗ್ಗೆ ಕೆಲಸ ಮಾಡುತ್ತಿದ್ದ ಎಲಿಯಟ್ 1887ರಲ್ಲಿ ಸ್ಕಾಟ್ಲೆಂಡಿನಲ್ಲಿ ತೀರಿಕೊಂಡ.