ಕಥೆಗಳನ್ನುಳಿಸಿದ ಬ್ಲೀಕ್

ಕಿಟೆಲರ ನಿಘಂಟನ್ನು ತೆರೆದಾಗಲೆಲ್ಲ ನನಗೆ ಅವರ ಕಾಲದ ಮತ್ತೊಬ್ಬ ಜರ್ಮನ್ ಪಂಡಿತನ ನೆನಪಾಗುತ್ತದೆ. ಕಿಟೆಲರು ದುಡಿದ ಕನ್ನಡವು ಇಂದಿಗೂ ಕೋಟಿ ಜನರ ನಾಲಗೆಯ ಮೇಲಿದೆ. ವಿಲ್‌ಹೆಲ್ಮ್ ಬ್ಲೀಕನು ಬರೆದಿಟ್ಟ ಭಾಷೆಯನ್ನು ಆಡುವವರು ಒಬ್ಬರೂ ಉಳಿದಿಲ್ಲ.

1827ರಲ್ಲಿ ಬರ್ಲಿನ್ನಿನಲ್ಲಿ ಹುಟ್ಟಿದ ಬ್ಲೀಕನು ಬಾನ್ ವಿಶ್ವವಿದ್ಯಾನಿಲಯದಲ್ಲಿ ವ್ಯಾಸಂಗ ಮುಗಿಸಿ, 1855ರಲ್ಲಿ ದಕ್ಷಿಣ ಆಫ್ರಿಕದ ನಟಾಲಿಗೆ ಬಂದು ಜೂಲೂ ಭಾಷೆಯನ್ನು ಕಲಿತನು. ಮುಂದೆ ಕೇಪ್ ಟೌನಿನಲ್ಲಿ ಗ್ರಂಥಪಾಲಕನಾದನು. ಅಲ್ಲಿನ ಕಥೆಗಳ ಸಾಮ್ಯವೂ ಭೇದವೂ ಅವನನ್ನು ಸೆಳೆದುವು. ಜೂಲೂಗಳ ಪ್ರಕಾರ ಮಾನವಕುಲವು ಜೊಂಡಿನಿಂದ ಹೊರಬಂದಿತು; ಅಮರತ್ವದ ಸಂದೇಶವನ್ನು ಹೊತ್ತ ಗೋಸುಂಬೆಯು ದಾರಿಯಲ್ಲಿ ತಡಮಾಡಲು, ಸಾವಿನ ಸುದ್ದಿಯನ್ನು ಹೊತ್ತ ಹಲ್ಲಿಯು ಮುಂದಾಗಿ ತಲುಪಿತು. ಖೊಯ್‌ಖೊಯ್ ಜನರಲ್ಲಾದರೋ, ತನ್ನಂತೆ ಮನುಷ್ಯರೂ ಸತ್ತು ಮರಳಿ ಏಳುವರೆಂದು ಚಂದ್ರನು ಹೇಳಿಕಳುಹಿಸಿದ ಮಾತನ್ನು ಮೊಲವು ಕೆಡಿಸಿತು. ಸ್ತ್ರೀಪುಂಲಿಂಗಭೇದವುಳ್ಳ ಭಾಷೆಗಳಲ್ಲಿಯೇ ಸೂರ್ಯಚಂದ್ರರು ವ್ಯಕ್ತಿಗಳಾಗಿ ಕಥೆಯೊಳಗೆ ಬರುವರೆಂದು ಬ್ಲೀಕನು ಬಗೆದನು.

1870ರಲ್ಲಿ ಕ್ಸಾಮ್ ಎಂಬ ಬೇಟೆಗಾರ ಜನಾಂಗದ ಕೈದಿಗಳು ಕೇಪ್ ಟೌನಿನಲ್ಲಿರುವುದು ಅವನಿಗೆ ತಿಳಿಯಿತು. ಸರಕಾರದ ಅನುಮತಿ ಪಡೆದು ಕೆಲವರನ್ನು ಮನೆಯಲ್ಲಿಯೇ ಇರಿಸಿಕೊಂಡನು. ಅವರಲ್ಲಿ ವೃದ್ಧ ಕಬ್ಬೊ ಪ್ರಮುಖನು. ಶಿಕ್ಷೆಯ ಅವಧಿ ಮುಗಿದ ಮೇಲೂ, ತನ್ನವರ ಕಥೆಗಳು ಗ್ರಂಥಸ್ಥವಾಗಲೆಂದು ಆತನು ಅಲ್ಲಿಯೇ ನಿಂತನು. ಕೈಮುಗಿದಂತೆ ಕುಳಿತಿರುವ ಹಸುರು ಕೀಟದ ಹೆಸರನ್ನು ಹೊತ್ತ ಕಗ್ಗೆನ್ ತನ್ನ ಪಾದರಕ್ಷೆಯನ್ನು ಮೇಲಕ್ಕೆಸೆದಾಗ ಚಂದ್ರನಾಯಿತು. ಬಾಲೆಯೊಬ್ಬಳು ತೂರಿದ ಬೂದಿಯು ಆಕಾಶಗಂಗೆಯಾಯಿತು. ಕಂಕುಳಿನಲ್ಲಿ ಬೆಳಕಿದ್ದ ಮುದುಕನನ್ನು ಮಕ್ಕಳು ಬಾನಿಗೆಸೆಯಲು ಅವನೇ ಸೂರ್ಯನಾದನು. ಈ ಭಾಷೆಯಲ್ಲಿ ಸ್ತ್ರೀಪುಂಲಿಂಗಭೇದವೇ ಇಲ್ಲ. ಬ್ಲೀಕನ ಸಿದ್ಧಾಂತವು ಅವನೇ ಕೂಡಿಸಿದ ಕಥೆಗಳ ಮುಂದೆ ನಿಲ್ಲಲಾರದಾಯಿತು. ಆದರೂ ಅವನು ಬರೆಯುವುದನ್ನು ಬಿಡಲಿಲ್ಲ. ಪಂಡಿತನ ದೊಡ್ಡತನ ಅಲ್ಲಿದೆಯೆಂದು ನಾನು ಎಣಿಸುತ್ತೇನೆ.

ರೋಗಪೀಡಿತನಾಗಿದ್ದ ಬ್ಲೀಕನು 1875ರಲ್ಲಿ, ನಾಲ್ವತ್ತೆಂಟನೆಯ ವಯಸ್ಸಿನಲ್ಲಿ ತೀರಿಕೊಂಡನು. ಪತ್ನಿಯ ಅಕ್ಕ ಲೂಸಿ ಲಾಯ್ಡ್ ಕಾರ್ಯವನ್ನು ಮುಂದುವರಿಸಿದಳು. ಗ್ರಂಥವು ಹೊರಬಂದುದು 1911ರಲ್ಲಿ. ಕಬ್ಬೊ ಅದನ್ನು ಕಾಣಲಿಲ್ಲ. ಆತನ ಭಾಷೆಯೂ ಅಳಿಯಿತು. 2000ದಲ್ಲಿ ದಕ್ಷಿಣ ಆಫ್ರಿಕವು ತನ್ನ ರಾಷ್ಟ್ರಲಾಂಛನದ ಧ್ಯೇಯವಾಕ್ಯವನ್ನು ಅದೇ ಭಾಷೆಯಲ್ಲಿ ಬರೆಯಿಸಿತು. ಅದಕ್ಕೆ ಮಾತು ದೊರೆತುದು ಈ ಮನೆಯ ಟಿಪ್ಪಣಿಪುಸ್ತಕಗಳಿಂದ. ನಮ್ಮಲ್ಲಿಯೂ ಎಷ್ಟೋ ಅಜ್ಜಿಯರ ಕಥೆಗಳು ಬರೆಯುವ ಕೈಯನ್ನು ಕಾಯುತ್ತಿವೆಯಲ್ಲವೆ?