ವೇಲೂರಿನ ಡಾಕ್ಟರ್ ಐಡಾ ಸ್ಕಡರ್ ಅಮ್ಮನವರು

ಹೆರಿಗೆಯು ಹೆಣ್ಣಿಗೆ ಮರುಹುಟ್ಟೆಂದು ನಮ್ಮ ಹಿರಿಯರು ಹೇಳುತ್ತ ಬಂದಿರುವರು. ಬೇನೆ ತೊಡಗಿದ ತಾಯಿಗೆ ಎರಡು ಆಸರೆಗಳು ಬೇಕು. ಅಪಾಯವೊದಗಿದಾಗ ಪ್ರಾಣವನ್ನುಳಿಸಬಲ್ಲ ವಿದ್ಯಾವಂತ ಕೈ ಒಂದು. ಕೂಸು ಮಡಿಲಿಗೆ ಬರುವವರೆಗೂ ಬಳಿಯಿಂದ ಕದಲದ ಆಪ್ತಳಾದ ಹೆಂಗಸು ಮತ್ತೊಂದು. ಇವುಗಳಲ್ಲಿ ಮೊದಲನೆಯದು ದೊರೆಯದೆ ಸಾಯುತ್ತಿದ್ದ ಸ್ತ್ರೀಯರಿಗಾಗಿ ತಮ್ಮ ಆಯುಷ್ಯವನ್ನೇ ಸವೆಸಿದ ಐಡಾ ಸ್ಕಡರ್ ಅಮ್ಮನವರ ಚರಿತ್ರೆಯನ್ನು ನಮ್ಮ ಶಾಲೆಯ ಹಳೆಯ ವಿದ್ಯಾರ್ಥಿನಿಯರ ಹಾಗೂ ತಾಯಿತಂದೆಗಳ ಮುಂದೆ ಸಂಕ್ಷೇಪವಾಗಿ ಇಡುತ್ತೇವೆ.

ಐಡಾ ಅಮ್ಮನವರು 1870ನೆಯ ಇಸವಿ ಡಿಸೆಂಬರ್ 9ರಂದು ಮದ್ರಾಸು ಪ್ರಾಂತದ ರಾಣಿಪೇಟೆಯಲ್ಲಿ ಜನಿಸಿದರು. ಇವರ ತಾತನವರಾದ ಡಾಕ್ಟರ್ ಜಾನ್ ಸ್ಕಡರ್ ಅವರು 1819ರಲ್ಲಿ ಅಮೆರಿಕವನ್ನು ಬಿಟ್ಟು ಸಿಂಹಳಕ್ಕೆ ಬಂದ ಮಿಷನರಿ ವೈದ್ಯರು, ತಂದೆಯವರೂ ವೈದ್ಯರೇ. ನಮ್ಮ ಸೀಮೆಯವರು ಧಾತು ಈಶ್ವರದ ಬರವೆಂದು ನೆನೆಯುವ 1876-78ರ ಘೋರ ಕ್ಷಾಮವನ್ನು ಈ ಬಾಲಿಕೆಯು ತನ್ನ ಮನೆಯಂಗಳದಲ್ಲಿಯೇ ಕಂಡಳು. ಹಸಿದ ಮಕ್ಕಳ ಬಾಯಿಗೆ ತನ್ನ ಕೈಯಿಂದ ತುತ್ತನ್ನಿಟ್ಟಳು. ಆ ನೋಟವು ಮನಸ್ಸಿನಲ್ಲಿ ಭೀತಿಯನ್ನು ಹುಟ್ಟಿಸಿತೇ ಹೊರತು ಸೇವೆಯ ಆಸೆಯನ್ನಲ್ಲ. ತರುವಾಯ ಅಮೆರಿಕಕ್ಕೆ ಹೋಗಿ ನಾರ್ತ್‌ಫೀಲ್ಡ್ ಎಂಬಲ್ಲಿ ಓದುತ್ತಿದ್ದಾಗ, ಮನೆತನದ ವೃತ್ತಿಯಾದ ಮಿಷನರಿ ಬಾಳು ತಮಗೆ ಬೇಡವೆಂದು ಅವರು ನಿಶ್ಚಯಿಸಿಕೊಂಡಿದ್ದರು.

1890ರಲ್ಲಿ ತಾಯಿಯವರಿಗೆ ಕಾಯಿಲೆಯಾದ ಸುದ್ದಿಯು ಅವರನ್ನು ಭಾರತಕ್ಕೆ ಕರೆತಂದಿತು. ತಾಯಿಯು ಗುಣಹೊಂದಿದ ಕೂಡಲೇ ಹಿಂದಿರುಗಬೇಕೆಂಬುದು ಅವರ ಯೋಚನೆಯಾಗಿತ್ತು. ಹೀಗೆ ತಿಂಡಿವನದ ಬಂಗಲೆಯಲ್ಲಿರುತ್ತಿರಲು, ಒಂದು ರಾತ್ರಿ ಬ್ರಾಹ್ಮಣ ಯುವಕನೊಬ್ಬನು ಬಾಗಿಲಿಗೆ ಬಂದನು. ಎಳೆಯ ಪ್ರಾಯದ ಅವನ ಪತ್ನಿಯು ಹೆರಲಾರದೆ ನರಳುತ್ತಿದ್ದಳು, ಸೂಲಗಿತ್ತಿಯು ಕೈಚೆಲ್ಲಿದ್ದಳು. ತಮಗೆ ವೈದ್ಯ ತಿಳಿಯದು, ತಂದೆಯವರನ್ನು ಕರೆದುಕೊಂಡು ಹೋಗಬಹುದೆಂದು ಐಡಾ ಹೇಳಿದರು. ಪರಪುರುಷನು ತನ್ನ ಹೆಂಡತಿಯನ್ನು ನೋಡುವುದು ಕೂಡದೆಂದು ಅವನು ಹಿಂದಿರುಗಿದನು. ಅದೇ ರಾತ್ರಿ ಮುಸಲ್ಮಾನ ಗೃಹಸ್ಥನೊಬ್ಬನೂ, ಅನಂತರ ಮೇಲ್ಜಾತಿಯ ಹಿಂದೂ ಒಬ್ಬನೂ ಇದೇ ಬೇಡಿಕೆಯನ್ನು ಹೊತ್ತು ಬಂದರು. ಅವರೂ ಇದೇ ಕಾರಣದಿಂದ ಬರಿಗೈಯಲ್ಲಿ ತೆರಳಿದರು. ಬೆಳಗಾಗುವಾಗ ಬೀದಿಯಲ್ಲಿ ಸಾವಿನ ತಮಟೆಯ ಶಬ್ದವು ಕೇಳಿಸಿತು. ಆಳನ್ನು ಕಳುಹಿಸಿ ವಿಚಾರಿಸಲಾಗಿ, ಮೂವರು ಸ್ತ್ರೀಯರೂ ತೀರಿಕೊಂಡಿದ್ದರು.

ಈ ಮೂರು ಮನೆಗಳಲ್ಲಿ ವೈದ್ಯವಿದ್ಯೆಯುಳ್ಳ ಹೆಣ್ಣೊಬ್ಬಳ ಅಭಾವವೇ ಸಾವಿಗೆ ದಾರಿಯಾಯಿತು. ಒಂದು ಕೋಣೆಯಾಚೆ ಬಲ್ಲ ವೈದ್ಯರಿದ್ದರೂ ಅವರ ವಿದ್ಯೆಯು ಆ ಹೊಸ್ತಿಲುಗಳನ್ನು ದಾಟಲಾರದೆ ಹೋಯಿತು. ಇದನ್ನು ಕಂಡುಕೊಂಡ ಐಡಾ ಅವರು ತಾವು ವೈದ್ಯಳಾಗಿ ಇಲ್ಲಿಗೇ ಹಿಂದಿರುಗುವೆನೆಂದು ತಂದೆತಾಯಿಗಳಿಗೆ ತಿಳಿಸಿದರು.

ಫಿಲಡೆಲ್ಫಿಯದ ಸ್ತ್ರೀ ವೈದ್ಯಕೀಯ ಕಾಲೇಜಿನಲ್ಲಿಯೂ, ಬಳಿಕ ನ್ಯೂಯಾರ್ಕಿನ ಕಾರ್ನೆಲ್ ವೈದ್ಯಕೀಯ ಕಾಲೇಜಿನಲ್ಲಿಯೂ ವ್ಯಾಸಂಗ ಮಾಡಿ 1899ರಲ್ಲಿ ಪದವಿಯನ್ನು ಪಡೆದರು. ಶೆಲ್ ಎಂಬ ಧನಿಕರು ದಿವಂಗತರಾದ ತಮ್ಮ ಪತ್ನಿಯ ಸ್ಮರಣಾರ್ಥವಾಗಿ ಹತ್ತು ಸಾವಿರ ಡಾಲರುಗಳನ್ನು ಕೊಟ್ಟರು. 1900ರಲ್ಲಿ ವೇಲೂರಿಗೆ ಬಂದು, ಬಂಗಲೆಯಲ್ಲಿಯೇ ಒಂದು ಹಾಸಿಗೆಯ ಚಿಕಿತ್ಸಾಲಯವನ್ನು ತೆರೆದರು. ಅದೇ ವರ್ಷ ತಂದೆಯವರು ಕಾಲವಾದುದರಿಂದ ಹೊಸ ವೈದ್ಯಳಿಗೆ ಹಿರಿಯರ ಮಾರ್ಗದರ್ಶನವೂ ತಪ್ಪಿತು. ಆದರೂ ಕೆಲಸವು ನಿಲ್ಲಲಿಲ್ಲ. 1902ರಲ್ಲಿ ಮೇರಿ ಟೇಬರ್ ಶೆಲ್ ಆಸ್ಪತ್ರೆಯು ಸಿದ್ಧವಾಯಿತು. ಆಸ್ಪತ್ರೆಗೆ ಬರಲಾರದವರಿಗಾಗಿ ಗುಡಿಯಾತ್ತದ ದಾರಿಯುದ್ದಕ್ಕೂ ಮರದ ನೆರಳುಗಳಲ್ಲಿ ನಿಂತು ಔಷಧಿಯನ್ನು ಕೊಟ್ಟರು.

ಒಬ್ಬಳೇ ಎಷ್ಟು ಮನೆಗಳ ಬಾಗಿಲಿಗೆ ಹೋಗಬಲ್ಲಳು? ಆದಕಾರಣ ಈ ದೇಶದ ಹೆಣ್ಣುಮಕ್ಕಳನ್ನೇ ತಯಾರುಮಾಡಬೇಕೆಂದು ಅವರು ನಿರ್ಧರಿಸಿದರು. 1909ರಲ್ಲಿ ದಾದಿಯರ ಶಿಕ್ಷಣವು ಆರಂಭವಾಯಿತು. 1918ರಲ್ಲಿ ಸ್ತ್ರೀಯರ ವೈದ್ಯಶಾಲೆಯನ್ನು ತೆರೆಯಹೊರಟಾಗ, ಮೂವರು ಹುಡುಗಿಯರು ಅರ್ಜಿ ಹಾಕಿದರೂ ಹೆಚ್ಚೆಂದು ದೊಡ್ಡ ಅಧಿಕಾರಿಯೊಬ್ಬರು ಎಣಿಸಿದ್ದರು. ಬಂದ ಅರ್ಜಿಗಳು 151! ಮೊದಲನೆಯ ವರ್ಷದ ಪರೀಕ್ಷೆಗೆ ಕುಳಿತ 14 ಮಂದಿ ಹುಡುಗಿಯರೂ ತೇರ್ಗಡೆಯಾದರು. ಅನ್ಯಶಾಲೆಗಳ ಪುರುಷ ವಿದ್ಯಾರ್ಥಿಗಳಲ್ಲಿ ಬಹುಪಾಲು ಮಂದಿಗೆ ಆ ಭಾಗ್ಯವಿರಲಿಲ್ಲ. ಹೆಣ್ಣುಮಕ್ಕಳ ಶಾಲೆಯವರಾದ ನಾವು ಈ ಸಂಗತಿಯನ್ನು ಓದಿ ಹರ್ಷಿಸದಿರಲಾರೆವು.

ಸರಕಾರವು ವೈದ್ಯಶಿಕ್ಷಣಕ್ಕೆ ವಿಶ್ವವಿದ್ಯಾನಿಲಯದ ಪದವಿಯೇ ಬೇಕೆಂದು ವಿಧಿಸಿದಾಗ ಸಂಸ್ಥೆಯು ಮುಚ್ಚಿಹೋಗುವ ಸ್ಥಿತಿಗೆ ಬಂದಿತು. ಎಪ್ಪತ್ತು ದಾಟಿದ ಅಮ್ಮನವರು ಅಮೆರಿಕಕ್ಕೆ ಹೋಗಿ ಊರೂರು ತಿರುಗಿ ಹಣವನ್ನು ಕೂಡಿಸಿದರು. ಶಾಲೆಯು ಕಾಲೇಜಾಯಿತು. ಅದನ್ನು ಉಳಿಸಿಕೊಳ್ಳಲು ಪುರುಷರನ್ನೂ ಸೇರಿಸಬೇಕೆಂಬ ಮಾತಿಗೆ, ಅವರ ಹಳೆಯ ಗೆಳತಿಯರು ಕೆಲವರು ನೊಂದುಕೊಂಡರೂ, ಅವರು ಒಪ್ಪಿದರು. 1947ರಲ್ಲಿ ಪುರುಷ ವಿದ್ಯಾರ್ಥಿಗಳು ಬಂದರು. ಪ್ರಸೂತಿವೈದ್ಯದಲ್ಲಿ ನಿಪುಣರಾದ ಡಾಕ್ಟರ್ ಹಿಲ್ಡಾ ಲಾಜರಸ್ ಅವರು ಮುಂದೆ ಆ ಸಂಸ್ಥೆಯ ಮೊದಲ ಭಾರತೀಯ ಮುಖ್ಯಸ್ಥೆಯಾದರು. 1960ನೆಯ ಮೇ 24ರಂದು ಐಡಾ ಅಮ್ಮನವರು ಕೊಡೈಕಾನಲಿನಲ್ಲಿ ದೇಹವನ್ನು ಬಿಟ್ಟರು.

ಇನ್ನು ಎರಡನೆಯ ಆಸರೆಯ ಮಾತು. ಹಿಂದೆ ಚೊಚ್ಚಲು ಬಸುರಿಯು ತವರಿಗೆ ಬರುತ್ತಿದ್ದಳು. ತಾಯಿ, ಅತ್ತಿಗೆ, ಸೂಲಗಿತ್ತಿ ಸುತ್ತಲಿರುತ್ತಿದ್ದರು. ಅಲ್ಲಿ ಆಪ್ತರಿದ್ದರು, ವಿದ್ಯೆಯಿರಲಿಲ್ಲ. ಹೆರಿಗೆಯು ಆಸ್ಪತ್ರೆಗೆ ಬಂದ ಮೇಲೆ ವಿದ್ಯೆಯು ದೊರೆಯಿತು. ಆದರೆ ಅನೇಕ ಕಡೆಗಳಲ್ಲಿ ಬಾಗಿಲು ಮುಚ್ಚಿಕೊಂಡಿತು, ತಾಯಿಯು ಒಳಗೆ ಒಬ್ಬಳೇ ಉಳಿದಳು. ಈ ಕೊರತೆಯನ್ನು ತುಂಬಲು ಪರದೇಶಗಳಲ್ಲಿಯೂ ಈಗ ನಮ್ಮ ಪಟ್ಟಣಗಳಲ್ಲಿಯೂ ಡೂಲಾ ಎಂಬ ಶಿಕ್ಷಿತ ಸಂಗಾತಿಯರಿರುವರು. ಗ್ರೀಕ್ ಭಾಷೆಯಲ್ಲಿ ಈ ಪದಕ್ಕೆ ಸೇವಕಿಯೆಂದು ಅರ್ಥ. ಈಕೆಯು ವೈದ್ಯಳೂ ಅಲ್ಲ, ಸೂಲಗಿತ್ತಿಯೂ ಅಲ್ಲ. ಔಷಧಿಯನ್ನು ಕೊಡಳು, ಪರೀಕ್ಷೆ ಮಾಡಳು. ಬಸುರಿನ ದಿನಗಳಲ್ಲಿ ಕಂಡು ಮಾತನಾಡಿ ಅಂಜಿಕೆಯನ್ನು ನೀಗುವಳು. ಬೇನೆಯ ಹೊತ್ತಿನಲ್ಲಿ ಸೊಂಟವನ್ನು ನೀವುವಳು, ನೀರು ಕುಡಿಸುವಳು, ನಡೆದಾಡಿಸುವಳು, ನಡೆಯುತ್ತಿರುವುದನ್ನು ತಿಳಿಯಹೇಳುವಳು. ತಾಯಿಯ ಇಚ್ಛೆಯನ್ನು ದಾದಿಯರಿಗೆ ಮುಟ್ಟಿಸುವಳು. ಕೂಸಿಗೆ ಮೊದಲ ಹಾಲೂಡಿಸುವಾಗಲೂ ಜೊತೆಯಲ್ಲಿರುವಳು.

ಇದರಿಂದಾಗುವ ಫಲವನ್ನು ಪಂಡಿತರು ಅಳೆದು ನೋಡಿರುವರು. 17 ದೇಶಗಳ ಹದಿನೈದು ಸಾವಿರಕ್ಕೂ ಮಿಕ್ಕ ತಾಯಂದಿರ ಮೇಲೆ ನಡೆದ 26 ಪ್ರಯೋಗಗಳನ್ನು 2017ರಲ್ಲಿ ಒಟ್ಟುಗೂಡಿಸಿ ನೋಡಲಾಯಿತು. ಎಡೆಬಿಡದ ಆಸರೆಯನ್ನು ಪಡೆದವರಲ್ಲಿ ಸಹಜ ಹೆರಿಗೆಯು ಹೆಚ್ಚಿತ್ತು, ಶಸ್ತ್ರಕ್ರಿಯೆಯಿಂದಾಗುವ ಹೆರಿಗೆಯು ಕಡಿಮೆಯಿತ್ತು, ಬೇನೆಯ ಕಾಲವೂ ಕೊಂಚ ಕುಗ್ಗಿತ್ತು. ಹೆರಿಗೆಯ ಕೋಣೆಯಲ್ಲಿ ತಾಯಿಯು ಬಯಸಿದ ಸಂಗಾತಿಯಿರಬೇಕೆಂಬುದು ವಿಶ್ವ ಆರೋಗ್ಯ ಸಂಸ್ಥೆಯ ಸಲಹೆಯಾಗಿದೆ. ಭಾರತ ಸರಕಾರವು 2016ರಲ್ಲಿ ಸರಕಾರಿ ಆಸ್ಪತ್ರೆಗಳಲ್ಲಿ ಇಂತಹ ಸಂಗಾತಿಗೆ ಅವಕಾಶವನ್ನು ಕೊಟ್ಟಿತು.

ಸಂಗಾತಿಯಿರುವಳೆಂದು ಆಸ್ಪತ್ರೆಯನ್ನು ಬಿಡಲಾಗದು. ತಿಂಡಿವನದ ಆ ರಾತ್ರಿಯು ಇದನ್ನು ಕಲಿಸಿದೆ. ಆಸ್ಪತ್ರೆಯಿರುವುದೆಂದು ಸಂಗಾತಿಯನ್ನು ಬಿಡುವುದೂ ಸಲ್ಲದು. ಆದುದರಿಂದ ನಮ್ಮ ಓದುಗರಲ್ಲಿ ಒಂದು ಬಿನ್ನಹ. ಮಗಳೋ ಸೊಸೆಯೋ ಬಸುರಿಯಾದಾಗ, ತೊಟ್ಟಿಲನ್ನು ಹುಡುಕುವುದಕ್ಕೆ ಮುಂಚೆ, ಹೆರಿಗೆಯ ಕೋಣೆಯಲ್ಲಿ ಆಕೆಯ ಬಳಿ ಯಾರಿರಬಹುದೆಂದು ಆಸ್ಪತ್ರೆಯವರನ್ನು ಕೇಳಿರಿ. ಯಾರಿರಬೇಕೆಂದು ಆಕೆಯನ್ನೂ ಕೇಳಿರಿ. ಕೈಹಿಡಿದು ಕುಳಿತುಕೊಳ್ಳುವ ಆ ಕೆಲಸಕ್ಕೆ ಪದವಿಯು ಬೇಕಿಲ್ಲ. ತಾಳ್ಮೆಯೂ ಮಮತೆಯೂ ಬೇಕು. ಅವು ನಮ್ಮ ಹೆಣ್ಣುಮಕ್ಕಳಲ್ಲಿ ಇವೆಯೆಂದು ನಾವು ಬಲ್ಲೆವು.